ಹಳೆಯ ಡೀಸೆಲ್ ಕಾರಿನ ಹೆಡ್: ಬೀಡು ಮತ್ತು ಅಲ್ಯೂಮಿನಿಯಂ ಅಳೆದು ನೋಡುವ ಕ್ರಮ

ಉಡುಪಿ, ಮಂಗಳೂರು ಕಡೆ ಹಳೆಯ ಡೀಸೆಲ್ ಕಾರು ಕೊಳ್ಳಲು ಹೊರಟವರಿಗೆ ಯಾರಾದರೊಬ್ಬರು ಹೇಳಿಯೇ ಹೇಳುವ ಮಾತೊಂದಿದೆ: "ಬೀಡಿನ ಹೆಡ್ ಇದ್ದರೆ ತೆಗೊಳ್ಳಿ, ಅಲ್ಯೂಮಿನಿಯಂ ಬೇಡ ಮಾರಾಯ್ರೆ." ಬೀಡು ಎಂದರೆ ಎರಕದ ಕಬ್ಬಿಣ. ಹೆಡ್ ಎಂದರೆ ಎಂಜಿನ್ನಿನ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ; ಅದರ ಕೆಳಗೆ ಸಿಲಿಂಡರುಗಳಿರುವ ಭಾಗ ಬ್ಲಾಕ್. ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಅದೊಂದನ್ನೇ ನಂಬಿ ಕಾರು ಆರಿಸಿದವರು ಹಣ ಕಳೆದುಕೊಂಡದ್ದನ್ನೂ ನೋಡಿದ್ದೇನೆ. ನಮ್ಮ ಮನೆಯಲ್ಲಿ ಎರಡೂ ಬಗೆಯವು ಇದ್ದವು. ತಂದೆಯವರ 1489 ಸಿಸಿ ಅಂಬಾಸಿಡರ್ ಡೀಸೆಲ್‌ನ ಬ್ಲಾಕೂ ಬೀಡಿನದು, ಹೆಡ್ಡೂ ಬೀಡಿನದು. ಅನಂತರ ನಾನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಝೆನ್ ಡೀಸೆಲ್‌ನಲ್ಲಿ ಇದ್ದದ್ದು ಪೂಜೋ ಕಂಪನಿಯ 1527 ಸಿಸಿ ಎಂಜಿನ್. ಅದರ ಬ್ಲಾಕ್ ಬೀಡಿನದು, ಹೆಡ್ ಅಲ್ಯೂಮಿನಿಯಂನದು. ಎರಡನ್ನೂ ಒಂದೊಂದು ಸಲ ಬಿಚ್ಚಿಸಬೇಕಾಯಿತು. ಎರಡು ಸಲವೂ ಮೂಲ ಕಾರಣ ನೀರು: ಒಂದರಲ್ಲಿ ತಪ್ಪು ಹೊತ್ತಿನಲ್ಲಿ ಸುರಿದ ನೀರು, ಇನ್ನೊಂದರಲ್ಲಿ ತಪ್ಪು ಬಾವಿಯಿಂದ ತಂದ ನೀರು. ಹೆಡ್ ಯಾವ ಲೋಹದ್ದು ಎಂದು ತಿಳಿದುಕೊಂಡರೆ ಕಾರಿನ ಯೋಗ್ಯತೆ ಗೊತ್ತಾಗುವುದಿಲ್ಲ, ಆದರೆ ಅದನ್ನು ಯಾವುದರಿಂದ ಕಾಯಬೇಕು ಎಂಬುದು ಗೊತ್ತಾಗುತ್ತದೆ.

ಎರಡು ಲೋಹಗಳ ಸ್ವಭಾವ

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ನಾವು ಮಾತನಾಡುತ್ತಿರುವ ಕಾಲದ ಕಾರುಗಳಲ್ಲಿ ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಬಿಡದೆ ಹೆಡ್ಡಿನೊಳಗಿನ ಪುಟ್ಟ ಕೋಣೆಗೆ, ಅಂದರೆ ಪ್ರೀ ಚೇಂಬರಿಗೆ, ಸಿಂಪಡಿಸುವ ಏರ್ಪಾಡು ಇರುತ್ತಿತ್ತು. ಅವುಗಳ ಕಂಪ್ರೆಷನ್ ಅನುಪಾತ, ಅಂದರೆ ಗಾಳಿಯನ್ನು ಎಷ್ಟರಲ್ಲೊಂದು ಪಾಲಿಗೆ ಒತ್ತುತ್ತದೆ ಎಂಬ ಲೆಕ್ಕ, ಸಾಮಾನ್ಯವಾಗಿ 20ರಿಂದ 23. ಅದೇ ಕಾಲದ ಪೆಟ್ರೋಲ್ ಕಾರುಗಳಲ್ಲಿ ಅದು 8 ಅಥವಾ 9ರ ಆಸುಪಾಸು. ಇಷ್ಟೊಂದು ಒತ್ತಡವನ್ನು ಮೇಲಿನಿಂದ ತಡೆದು ಹಿಡಿಯುವುದು, ಪ್ರೀ ಚೇಂಬರಿನ ಬೆಂಕಿಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು, ಆ ಬಿಸಿಯನ್ನು ನೀರಿಗೆ ದಾಟಿಸುವುದು, ಈ ಮೂರೂ ಹೆಡ್ಡಿನ ಕೆಲಸ. ಆದ್ದರಿಂದಲೇ ಪೆಟ್ರೋಲ್ ಕಾರಿಗಿಂತ ಡೀಸೆಲ್ ಕಾರಿನಲ್ಲಿ ಹೆಡ್ಡಿನ ಲೋಹಕ್ಕೆ ಹೆಚ್ಚು ಮಹತ್ವ.

ಒಂದು ಘನ ಸೆಂಟಿಮೀಟರ್ ಬೀಡು ಸುಮಾರು 7.2 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ ಸುಮಾರು 2.7 ಗ್ರಾಂ. ಅಲ್ಯೂಮಿನಿಯಂ ಹೆಡ್ಡಿನ ಗೋಡೆಗಳನ್ನು ದಪ್ಪಗೆ ಎರಕ ಹೊಯ್ಯಬೇಕಾದ ಕಾರಣ ತೂಕದ ಉಳಿತಾಯ ಈ ಅಂಕೆಗಳು ತೋರಿಸುವಷ್ಟು ಬರುವುದಿಲ್ಲ, ಆದರೂ ಒಬ್ಬನೇ ಎತ್ತಿ ಮೇಜಿನ ಮೇಲಿಡಬಹುದಾದ ಹೆಡ್ಡಿಗೂ ಇಬ್ಬರು ಕೈಹಾಕಬೇಕಾದ ಹೆಡ್ಡಿಗೂ ಇರುವ ವ್ಯತ್ಯಾಸ ಅದು. ಬಿಸಿಯನ್ನು ಸಾಗಿಸುವುದರಲ್ಲಿ ಅಲ್ಯೂಮಿನಿಯಂ ಮಿಶ್ರಲೋಹ ಬೀಡಿಗಿಂತ ಎರಡು ಮೂರು ಪಟ್ಟು ಚುರುಕು. ಆದರೆ ಅದು ಸುಮಾರು 600 ಡಿಗ್ರಿಯೊಳಗೇ ಕರಗತೊಡಗುತ್ತದೆ. ಅದಕ್ಕೂ ಬಹಳ ಮುಂಚೆ, 200 ಡಿಗ್ರಿ ದಾಟಿ ನಿಂತರೆ, ಕಾರ್ಖಾನೆಯಲ್ಲಿ ಹದಮಾಡಿ ಕೊಟ್ಟ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ. ಬೀಡು ಕರಗಲು 1150 ಡಿಗ್ರಿಗಿಂತ ಹೆಚ್ಚು ಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಹಿಗ್ಗುವ ಗುಣ. 45 ಸೆಂಟಿಮೀಟರ್ ಉದ್ದದ ಹೆಡ್ಡೊಂದು ಬೆಳಗಿನ 30 ಡಿಗ್ರಿಯಿಂದ ಓಡುವಾಗಿನ 90 ಡಿಗ್ರಿಗೆ ಏರಿತೆಂದು ಇಟ್ಟುಕೊಳ್ಳಿ. ಬೀಡಿನದಾದರೆ ಅದು ಸುಮಾರು 0.3 ಮಿಲಿಮೀಟರ್ ಉದ್ದವಾಗುತ್ತದೆ. ಅಲ್ಯೂಮಿನಿಯಂ ಆದರೆ ಸುಮಾರು 0.6. ಕೆಳಗಿನ ಬ್ಲಾಕ್ ಎರಡರಲ್ಲೂ ಬೀಡಿನದೇ ಆದ್ದರಿಂದ ಅದು ಹಿಗ್ಗುವುದು 0.3 ಮಾತ್ರ. ಹೀಗಾಗಿ ಬೀಡಿನ ಹೆಡ್ಡೂ ಬ್ಲಾಕೂ ಒಂದೇ ತಾಳದಲ್ಲಿ ಹಿಗ್ಗಿ ಕುಗ್ಗಿದರೆ, ಅಲ್ಯೂಮಿನಿಯಂ ಹೆಡ್ ಪ್ರತಿ ದಿನ ಕಾದಾಗಲೂ ಆರಿದಾಗಲೂ ನಡುವೆ ಸೋರದಂತೆ ಇಟ್ಟ ತೆಳು ಹಾಳೆಯನ್ನು, ಅಂದರೆ ಗ್ಯಾಸ್ಕೆಟ್ಟನ್ನು, ಒಂದಿಷ್ಟು ಉಜ್ಜುತ್ತಲೇ ಇರುತ್ತದೆ. ಎಂಜಿನ್ ಮಾಡಿದವರು ಇದನ್ನು ಲೆಕ್ಕ ಹಾಕಿಯೇ ಗ್ಯಾಸ್ಕೆಟ್ಟನ್ನೂ ಬೋಲ್ಟನ್ನೂ ರೂಪಿಸಿರುತ್ತಾರೆ, ಆದ್ದರಿಂದ 90 ಡಿಗ್ರಿಯಲ್ಲಿ ತೊಂದರೆಯಿಲ್ಲ. ನೀರು ಖಾಲಿಯಾಗಿ ಹೆಡ್ 150, 200 ಡಿಗ್ರಿಗೆ ಏರಿತೆಂದರೆ ಲೆಕ್ಕ ತಪ್ಪುತ್ತದೆ. ಉಕ್ಕಿನ ಬೋಲ್ಟು ಅಷ್ಟು ಹಿಗ್ಗುವುದಿಲ್ಲ, ಹೆಡ್ ಹಿಗ್ಗುತ್ತದೆ; ಮೇಲೆ ಏಳಲು ಜಾಗವಿಲ್ಲದ ಹೆಡ್ ಬೋಲ್ಟಿನ ವಾಷರ್‌ಗಳ ಅಡಿಯಲ್ಲಿ ಜಜ್ಜಿಹೋಗುತ್ತದೆ, ಗ್ಯಾಸ್ಕೆಟ್ ಚಪ್ಪಟೆಯಾಗುತ್ತದೆ, ಮತ್ತೆ ತಣಿದಾಗ ಬಿಗಿ ಸಡಿಲಾಗಿರುತ್ತದೆ ಮತ್ತು ನಡುಭಾಗ ಬಾಗಿರುತ್ತದೆ. ಗ್ಯಾರೇಜಿನವರು ಹೆಡ್ ಬೆಂಡ್ ಆಗಿದೆ ಎನ್ನುವುದು ಇದಕ್ಕೇ.

ಬೀಡು ಹೀಗೆ ಸುಲಭವಾಗಿ ಬಾಗುವುದಿಲ್ಲ. ಅದರ ದೌರ್ಬಲ್ಯ ಬೇರೆ. ಒತ್ತಿದರೆ ಅದು ಬಲಶಾಲಿ, ಎಳೆದರೆ ಗಾಜಿನಂಥದು. ಒಂದು ಕಡೆ ಕೆಂಡದಂತೆ ಕಾದಿರುವಾಗ ಇನ್ನೊಂದು ಕಡೆ ಏಕಾಏಕಿ ತಣ್ಣಗಾದರೆ, ಗಾಳಿ ಒಳಬಿಡುವ ಮತ್ತು ಹೊಗೆ ಹೊರಬಿಡುವ ಎರಡು ವಾಲ್ವ್‌ಗಳ ನಡುವಿನ ಕಿರಿದಾದ ಸೇತುವೆಯಂಥ ಭಾಗದಲ್ಲಿ ಅದು ಬಿರುಕು ಬಿಡುತ್ತದೆ.

ಕಾರು ತಯಾರಕರು ಅಲ್ಯೂಮಿನಿಯಂ ಕಡೆಗೆ ಸರಿದದ್ದು ಒಮ್ಮೆಲೇ ಅಲ್ಲ. ಮರ್ಸಿಡಿಸ್‌ನ 240 ಡಿ, 300 ಡಿ ಕಾರುಗಳ ಓಎಂ 616 ಮತ್ತು ಓಎಂ 617 ಎಂಜಿನ್‌ಗಳ ಹೆಡ್ ಬೀಡಿನದು; ಅದೇ ಕಂಪನಿ 1983ರಲ್ಲಿ 190 ಡಿ ಕಾರಿನೊಂದಿಗೆ ತಂದ ಓಎಂ 601ರ ಹೆಡ್ ಅಲ್ಯೂಮಿನಿಯಂ. ಫೋಕ್ಸ್‌ವ್ಯಾಗನ್ 1976ರಲ್ಲಿ ಗಾಲ್ಫ್‌ಗೆ ಹಾಕಿದ ಸಣ್ಣ ಡೀಸೆಲ್ ಎಂಜಿನ್ ಮೊದಲಿನಿಂದಲೂ ಬೀಡಿನ ಬ್ಲಾಕ್, ಅಲ್ಯೂಮಿನಿಯಂ ಹೆಡ್ಡಿನ ಜೋಡಿ. ನಮ್ಮಲ್ಲಿ ಮಲೆನಾಡಿನ ದಾರಿಗಳಲ್ಲಿ ಆಳು, ಮೂಟೆ, ಕೋಳಿ ಎಲ್ಲವನ್ನೂ ಹೇರಿಕೊಂಡು ಓಡಿದ ಟೆಂಪೋ ಟ್ರ್ಯಾಕ್ಸ್‌ಗೆ ಓಎಂ 616ರ ಮೂಲದ ಎಂಜಿನ್ ಇತ್ತು. ಬೀಡಿನ ಹೆಡ್ಡಿನ ಮೇಲೆ ಜನಕ್ಕೆ ಇರುವ ನಂಬಿಕೆಗೆ ಅಂಥ ಗಾಡಿಗಳ ಪಾಲು ದೊಡ್ಡದು.

ಮೊದಲನೆಯ ಹೆಜ್ಜೆ: ಅಯಸ್ಕಾಂತ ಹಿಡಿದು ನೋಡುವುದು

ಮಾರುವವನ ಮಾತನ್ನೂ ಬ್ರೋಕರನ ಮಾತನ್ನೂ ಬದಿಗಿಟ್ಟು ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಹಳೆಯ ಸ್ಪೀಕರಿನ ತುಂಡಾದರೂ ಸಾಕು. ಎಂಜಿನ್ನಿನ ತೀರಾ ಮೇಲಿರುವ ವಾಲ್ವ್ ಕವರಿಗೆ ಹಿಡಿದು ನಿರ್ಧಾರಕ್ಕೆ ಬರಬೇಡಿ. ಅದು ತಗಡಿನದೂ ಇರಬಹುದು, ಅಲ್ಯೂಮಿನಿಯಂನದೂ ಇರಬಹುದು, ಹೆಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಕವರಿನ ಕೆಳಗೆ, ಬ್ಲಾಕಿನ ಮೇಲೆ, ಹೊಗೆ ಹೊರಬರುವ ಸೈಲೆನ್ಸರ್ ಮ್ಯಾನಿಫೋಲ್ಡ್ ಕೂತಿರುವ ಮಟ್ಟದಲ್ಲಿ ಇರುವ ದಪ್ಪ ಭಾಗವೇ ಹೆಡ್. ಅಲ್ಲಿ ಬೋಲ್ಟುಗಳಿಂದ ದೂರವಿರುವ ಬರಿಯ ಜಾಗಕ್ಕೆ ತಾಗಿಸಿ. ಬಣ್ಣ, ಎಣ್ಣೆ, ಧೂಳು ಎಷ್ಟೇ ಇದ್ದರೂ ಬೀಡಾದರೆ ಹಿಡಿಯುತ್ತದೆ, ಅಲ್ಯೂಮಿನಿಯಂ ಆದರೆ ಜಾರುತ್ತದೆ. ಹಾಗೆಯೇ ಬ್ಲಾಕಿಗೂ ಹಿಡಿದು ನೋಡಿ.

ಇದೇ ಹೊತ್ತಿಗೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಎಲ್ಲಿದೆ ಎಂಬುದನ್ನೂ ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಮುಂದೆ ಲೇತಿಗೆ, ಅಂದರೆ ಹೆಡ್ ಕೆತ್ತಿ ಸರಿಮಾಡುವ ವರ್ಕ್‌ಶಾಪಿಗೆ, ಹೋದಾಗ ಖರ್ಚು ನಿರ್ಧಾರವಾಗುವುದು ಅದರಿಂದ. ಅಂಬಾಸಿಡರಿನ ಆ ಹಳೆಯ ಡೀಸೆಲ್‌ನಲ್ಲಿ ಕ್ಯಾಮ್ ಕೆಳಗೆ ಬ್ಲಾಕಿನಲ್ಲಿದೆ, ಹೆಡ್ಡಿನ ಮೇಲೆ ವಾಲ್ವ್ ಒತ್ತುವ ರಾಕರ್‌ಗಳು ಮಾತ್ರ. ಝೆನ್ ಡೀಸೆಲ್‌ನಲ್ಲಿ ಕ್ಯಾಮ್ ಹೆಡ್ಡಿನ ಮೇಲೆಯೇ ಮಲಗಿದ್ದು, ಟೈಮಿಂಗ್ ಬೆಲ್ಟ್ ಅದನ್ನು ತಿರುಗಿಸುತ್ತದೆ.

ಎರಡನೆಯ ಹೆಜ್ಜೆ: ಮುಂಜಾನೆ, ತಣ್ಣಗಿರುವಾಗ ಪರೀಕ್ಷೆ

ಮಾರುವವನಿಗೆ ಮೊದಲೇ ಹೇಳಿಡಿ: ನಾನು ಬರುವ ಮೊದಲು ಸ್ಟಾರ್ಟ್ ಮಾಡಬಾರದು. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಟುಬನ್ನಿ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಬಣ್ಣ ನೋಡಿ. ನೀರಿಗೆ ಬೆರೆಸುವ ಕೂಲಂಟಿನ ಹಸಿರೋ ನೀಲಿಯೋ ಗುಲಾಬಿಯೋ ಇದ್ದರೆ ಒಳ್ಳೆಯ ಲಕ್ಷಣ. ಕೆಮ್ಮಣ್ಣಿನ ನೀರಿನಂತೆ ಕೆಂಪಗಿದ್ದರೆ ಬ್ಲಾಕಿನ ಒಳಗೋಡೆ ತುಕ್ಕು ಹಿಡಿಯುತ್ತಿದೆ ಎಂದರ್ಥ. ಬೀಡಿನ ಹೆಡ್ಡಿನ ಕಾರಾದರೆ ಇದನ್ನು ತೊಳೆದು ಸರಿಮಾಡುವ ಅವಕಾಶ ಇದೆ. ಅಲ್ಯೂಮಿನಿಯಂ ಹೆಡ್ಡಿನ ಕಾರಿನಲ್ಲಿ ಕೆಂಪು ನೀರು ಕಂಡರೆ ನಾನಾದರೋ ಅಲ್ಲಿಗೇ ಮಾತು ಮುಗಿಸುತ್ತೇನೆ; ಬರಿಯ ನೀರಿನಲ್ಲಿ ವರ್ಷಗಟ್ಟಲೆ ಓಡಿದ ಹೆಡ್ಡಿನ ನೀರಿನ ತೂತುಗಳ ಅಂಚು ಒಳಗೆ ಹೇಗಿದೆಯೆಂದು ಹೊರಗಿನಿಂದ ಹೇಳಲಾಗದು.

ಈಗ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿದುಕೊಳ್ಳಿ. ನೀರು ಇನ್ನೂ ಬಿಸಿಯಾಗದೆ ಇರುವಾಗಲೇ, ಒಂದೆರಡು ನಿಮಿಷದಲ್ಲಿ ಪೈಪು ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಒತ್ತಡ ಗ್ಯಾಸ್ಕೆಟ್ ದಾಟಿ ನೀರಿಗೆ ಬರುತ್ತಿದೆ. ಡೀಸೆಲ್‌ನ ಕಂಪ್ರೆಷನ್ ಅಷ್ಟು ಜೋರಾದ್ದರಿಂದ ಸಣ್ಣ ಸೋರಿಕೆಯೂ ಬೇಗ ತೋರುತ್ತದೆ. ತಣ್ಣಗಿರುವಾಗ ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿದರೆ ನಿಲ್ಲದೆ ಒಂದೇ ಸಮನೆ ಏಳುವ ಗುಳ್ಳೆಗಳೂ ಅದನ್ನೇ ಹೇಳುತ್ತವೆ. ಆರಂಭದಲ್ಲಿ ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡ ಗಾಳಿ, ಹೆದರಬೇಕಾಗಿಲ್ಲ.

ಎಣ್ಣೆಯ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಕೊಳೆ ಕಂಡರೆ ಹೆಡ್ ಹೋಗಿದೆ ಎಂಬುದು ಸಾಮಾನ್ಯ ತೀರ್ಪು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ತೀರ್ಪು ಕೊಡುವ ಮುನ್ನ ಸ್ವಲ್ಪ ತಾಳ್ಮೆ ಬೇಕು. ಜುಲೈ ತಿಂಗಳಲ್ಲಿ ದಿನಕ್ಕೆ ಎರಡು ಕಿಲೋಮೀಟರ್ ಮಾತ್ರ ಓಡುವ, ಒಳ್ಳೆಯ ಸ್ಥಿತಿಯ ಕಾರಿನ ಮುಚ್ಚಳದಲ್ಲೂ ಗಾಳಿಯ ತೇವದಿಂದಲೇ ಅಂಥ ಪಸೆ ಕಟ್ಟುತ್ತದೆ. ಎಣ್ಣೆಯ ಕಡ್ಡಿ ಎಳೆದು ನೋಡಿ. ಕಡ್ಡಿಯ ತುದಿಯ ಎಣ್ಣೆಯೂ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಅದು ನೀರು ಸೇರಿದ ಎಣ್ಣೆ.

ಕಂಪ್ರೆಷನ್ ಅಳೆಯಿಸುವುದಾದರೆ ಡೀಸೆಲ್ ಗೇಜ್ ಇರುವಲ್ಲಿಗೇ ಹೋಗಬೇಕು, ಪೆಟ್ರೋಲ್ ಕಾರಿನ ಗೇಜಿನ ಅಳತೆ ಇದಕ್ಕೆ ಸಾಲದು. ಸ್ಟಾರ್ಟ್ ಮಾಡುವಾಗ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ಗಿನ ತೂತಿನಲ್ಲಿ ಅಥವಾ ಡೀಸೆಲ್ ಸಿಂಪಡಿಸುವ ನಾಜಲ್ ತೂತಿನಲ್ಲಿ ಗೇಜ್ ಕೂರಿಸಿ ನಾಲ್ಕೂ ಸಿಲಿಂಡರ್ ಅಳೆದಾಗ ಪಕ್ಕಪಕ್ಕದ ಎರಡು ಮಾತ್ರ ಕೆಳಗಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅಂದ ಹಾಗೆ, ಅಲ್ಯೂಮಿನಿಯಂ ಹೆಡ್ಡಿನಲ್ಲಿ ವರ್ಷಗಟ್ಟಲೆ ಕೂತ ಹೀಟರ್ ಪ್ಲಗ್ಗನ್ನು ಬಲಪ್ರಯೋಗದಿಂದ ತಿರುಗಿಸಿದರೆ ಅದು ಹೆಡ್ಡಿನ ಥ್ರೆಡ್ಡನ್ನೂ ಜೊತೆಗೆ ತಂದುಬಿಡುತ್ತದೆ. ಬೀಡಿನಲ್ಲಿ ಥ್ರೆಡ್ ಉಳಿಯುತ್ತದೆ, ತುಕ್ಕು ಹಿಡಿದ ಸ್ಟಡ್ ಮುರಿದು ಒಳಗೇ ಉಳಿಯುತ್ತದೆ. ಎರಡೂ ಬಗೆಯ ಸಂಕಟಕ್ಕೆ ಮದ್ದು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡುವುದು.

ಮೂರನೆಯ ಹೆಜ್ಜೆ: ನೀರು

ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡು ಉಪ್ಪು ನೀರಿನಲ್ಲಿ ನಿಂತರೆ ಅದು ಒಂದು ಬಗೆಯ ಬ್ಯಾಟರಿಯೇ ಆಗುತ್ತದೆ, ಮತ್ತು ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಬೀಡಿನ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಕೂತ ಕಾರಿನಲ್ಲಿ ಈ ಬ್ಯಾಟರಿ ಹಗಲೂ ರಾತ್ರಿ ತಯಾರಾಗಿಯೇ ಇರುತ್ತದೆ. ಉಪ್ಪು ಅಥವಾ ಹುಳಿ ಇರುವ ನೀರು ಸುರಿಯುವ ಕೆಲಸ ಮಾತ್ರ ನಮ್ಮದು. ಮುರಕಲ್ಲಿನ ನೆಲದ ನಮ್ಮ ಬಾವಿಗಳ ನೀರು ಕುಡಿಯಲು ಎಷ್ಟೇ ರುಚಿಯಾಗಿದ್ದರೂ ಅದರಲ್ಲಿ ಹಲವೆಡೆ ಸ್ವಲ್ಪ ಆಮ್ಲದ ಅಂಶ ಇರುತ್ತದೆ. ಕಡಲ ಬದಿಯ ಮತ್ತು ಹೊಳೆ ಬದಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ನನ್ನ ಝೆನ್‌ನ ಹಿಂದಿನ ಮಾಲೀಕರು ಕಡಲ ಬದಿಯವರು, ಕಾರನ್ನು ಮಗುವಿನಂತೆ ನೋಡಿಕೊಂಡವರು, ರೇಡಿಯೇಟರಿನಲ್ಲಿ ನೀರು ಕಡಿಮೆಯಾದಾಗಲೆಲ್ಲ ಅಂಗಳದ ಬಾವಿಯಿಂದ ಕೊಡ ತುಂಬಿ ತಂದು ಹೊಯ್ದವರು. ಹೆಡ್ ಬಿಚ್ಚಿ ತಿರುಗಿಸಿದಾಗ ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರಿನ ನಡುವಿನ ನೀರಿನ ತೂತು ಗುಂಡಗೆ ಉಳಿದಿರಲಿಲ್ಲ. ಇಲಿ ಕಚ್ಚಿದ ತೆಂಗಿನಕಾಯಿಯಂತೆ ಅಂಚೆಲ್ಲ ತಿಂದುಹೋಗಿ, ಗ್ಯಾಸ್ಕೆಟ್ಟಿನ ಉಂಗುರದಿಂದ ಒಂದು ಅಕ್ಕಿಕಾಳಿನಷ್ಟು ದೂರದವರೆಗೆ ಬಂದು ನಿಂತಿತ್ತು.

ಆದ್ದರಿಂದ ಕೂಲಂಟ್ ಹಾಕುವುದು ಹಿಮ ಬೀಳುವ ಊರಿನವರ ಕೆಲಸ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳೇ ನಮಗೆ ಬೇಕಾದವು. ಸಾಂದ್ರ ಕೂಲಂಟ್ ಕೊಂಡಿದ್ದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಬೆರೆಸಿ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುವ ಆ ನೀರು ಕೊಳ್ಳುವಾಗ ಆಸಿಡ್ ಕ್ಯಾನ್ ಕೈಗೆ ಬಾರದಂತೆ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬಸಿದು ಬದಲಾಯಿಸಿ, ಯಾಕೆಂದರೆ ಬಣ್ಣ ಉಳಿದರೂ ಆ ರಾಸಾಯನಿಕಗಳ ಶಕ್ತಿ ತೀರಿರುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರನ್ನೂ ಸ್ಪ್ರಿಂಗನ್ನೂ ಯಾರೂ ನೋಡುವುದಿಲ್ಲ. ಸುಮಾರು ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಬರಿಯ ನೀರೂ 120 ಡಿಗ್ರಿಯವರೆಗೆ ಕುದಿಯುವುದಿಲ್ಲ, ಮುಚ್ಚಳ ಸಡಿಲಾದರೆ 100ಕ್ಕೇ ಕುದಿದು ಹೊರಬರುತ್ತದೆ. ಬೀಡಿನ ಹೆಡ್ಡಿನವರಿಗೂ ಇದೇ ಉಪಚಾರ. ಅವರ ಕಾರಿನಲ್ಲಿ ತುಕ್ಕಿನ ಕೆಸರು ಬ್ಲಾಕಿನ ಹಿಂಭಾಗದಲ್ಲಿ ಕೂತು, ಕೊನೆಯ ಸಿಲಿಂಡರಿಗೆ ನೀರು ಸರಿಯಾಗಿ ತಲುಪದೆ, ಅಲ್ಲಿಯೇ ಮೊದಲ ಬಿರುಕು ಕಾಣುವುದುಂಟು.

ನಾಲ್ಕನೆಯ ಹೆಜ್ಜೆ: ಘಾಟಿಯಲ್ಲಿ ಮುಳ್ಳು ಮೇಲೇರಿದಾಗ

ಮಂಗಳೂರಿನಿಂದ ಯಾವ ದಿಕ್ಕಿಗೆ ಹತ್ತಿದರೂ ಘಾಟಿ: ಶಿರಾಡಿ, ಚಾರ್ಮಾಡಿ, ಉಡುಪಿ ಕಡೆಯವರಿಗೆ ಆಗುಂಬೆ. ಹಳೆಯ ಡೀಸೆಲ್ ಕಾರಿನ ಹೆಡ್ ಹೋಗುವುದಾದರೆ ಹೆಚ್ಚಾಗಿ ಇಂಥಲ್ಲೇ. ನೀರಿನ ಬಿಸಿ ತೋರಿಸುವ ಮುಳ್ಳು ಮಾಮೂಲು ಜಾಗ ಬಿಟ್ಟು ಏರತೊಡಗಿದ ಕ್ಷಣವೇ ಎಸಿ ಆರಿಸಿ, ಒಂದು ಗೇರ್ ಕೆಳಗಿಳಿಸಿ ಆಕ್ಸಿಲರೇಟರ್ ಸಡಿಲಿಸಿ. ಎಂಜಿನ್ ಹಗುರಾಗಿ, ವಾಟರ್ ಪಂಪ್ ಚುರುಕಾಗಿ ತಿರುಗುತ್ತದೆ. ಆದರೂ ಏರಿದರೆ ಬದಿಗೆ ನಿಲ್ಲಿಸಿ. ನೀರು ಇದ್ದು ಬರಿಯ ಹೊರೆಯಿಂದ ಕಾದಿದ್ದರೆ ಎರಡು ಮೂರು ನಿಮಿಷ ನ್ಯೂಟ್ರಲ್‌ನಲ್ಲಿ ಓಡಲು ಬಿಟ್ಟರೆ ಮುಳ್ಳು ಇಳಿಯುತ್ತದೆ. ಹಬೆ ಕಂಡರೆ, ಹೋಸ್ ಒಡೆದಿದ್ದರೆ, ಫ್ಯಾನ್ ಬೆಲ್ಟ್ ತುಂಡಾಗಿದ್ದರೆ ತಕ್ಷಣ ಆಫ್ ಮಾಡಬೇಕು. ಅಲ್ಯೂಮಿನಿಯಂ ಹೆಡ್ಡಿನ ಕಾರಿನಲ್ಲಿ ಮುಂದಿನ ತಿರುವಿನವರೆಗೆ ಹೋಗಿಬಿಡೋಣ ಎಂಬ ಯೋಚನೆ ಬಂದರೆ ಆ ತಿರುವಿನ ಬೆಲೆ ಒಂದು ಹೆಡ್. ಮುಳ್ಳು ಏರಿ ಮತ್ತೆ ದಿಢೀರನೆ ಕೆಳಗಿಳಿದರೆ ಸಮಾಧಾನಪಡಬೇಡಿ. ಸೆನ್ಸರ್ ಮುಳುಗುವಷ್ಟು ನೀರು ಉಳಿದಿಲ್ಲದಾಗಲೂ ಅದು ತಣ್ಣಗೆ ತೋರಿಸುತ್ತದೆ.

ನಿಲ್ಲಿಸಿದ ಮೇಲೆ ಮಾಡುವ ತಪ್ಪು ಬೀಡಿನ ಹೆಡ್ಡಿನವರದು. ನಮ್ಮ ಅಂಬಾಸಿಡರ್ ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳನ್ನು ಹತ್ತುತ್ತಿದ್ದಾಗ ಫ್ಯಾನ್ ಬೆಲ್ಟ್ ತುಂಡಾಯಿತು. ತಂದೆಯವರು ಬೆಲ್ಟು ಹೋದದ್ದು ತಿಳಿಯದೆ ಇನ್ನೆರಡು ತಿರುವು ಹತ್ತಿ ನಿಲ್ಲಿಸಿದರು. ಮಳೆಗಾಲ, ರಸ್ತೆಯ ಬದಿಯಲ್ಲೇ ತೊರೆ ಧುಮುಕುತ್ತಿತ್ತು. ಹಿಂದಿನಿಂದ ಬಂದ ಜೀಪಿನವರು ಸಹಾಯಕ್ಕೆ ಇಳಿದು, ಚಿಂದಿ ಬಟ್ಟೆ ಹಿಡಿದು ಮುಚ್ಚಳ ತೆರೆದು, ಮಂಜಿನಂಥ ಆ ನೀರನ್ನು ಬಕೆಟ್ಟಿನಲ್ಲಿ ತಂದು ಹೊಯ್ದರು. ಎಂಜಿನ್ನಿನೊಳಗೆ ಟಕ್ ಎಂದು ಒಂದು ಸದ್ದು ಬಂದದ್ದು ನನಗೆ ಈಗಲೂ ನೆನಪಿದೆ. ಆಗ ಅದರ ಅರ್ಥ ಗೊತ್ತಿರಲಿಲ್ಲ. ಬೀಡಿನ ಹೆಡ್ ಆ ಬಿಸಿಯನ್ನು ತಾಳಿತ್ತು, ಆ ತಂಪನ್ನು ತಾಳಲಿಲ್ಲ. ಎಂಜಿನ್ ತಾನಾಗಿ ಆರಲು ಕನಿಷ್ಠ ಮುಕ್ಕಾಲು ಗಂಟೆ ಬಿಡಬೇಕು. ಅನಂತರ ಸ್ಟಾರ್ಟ್ ಮಾಡಿ, ಓಡುತ್ತಿರುವಾಗ ತೆಳ್ಳಗೆ ನೀರು ಹೊಯ್ಯಬೇಕು.

ಐದನೆಯ ಹೆಜ್ಜೆ: ಬಿಚ್ಚುವುದು ಮತ್ತು ತೊಳೆಯುವುದು

ಹೆಡ್ ಬಿಚ್ಚುವ ದಿನ ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಿಂದಿನ ರಾತ್ರಿಯಿಂದ ಓಡಿಸಿರಬಾರದು. ಬಿಸಿಯಿರುವಾಗ ಬೋಲ್ಟು ಬಿಚ್ಚಿದ ಅಲ್ಯೂಮಿನಿಯಂ ಹೆಡ್ ಅಲ್ಲೇ ಬಾಗಬಹುದು. ಬಿಚ್ಚುವಾಗ ಹೊರಗಿನ ಬೋಲ್ಟುಗಳಿಂದ ಶುರುಮಾಡಿ ನಡುವಿಗೆ ಬನ್ನಿ, ಒಂದನ್ನೇ ಪೂರ್ತಿ ಸಡಿಲಿಸದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಡಿ. ಅಂಟಿಕೊಂಡ ಹೆಡ್ಡಿನ ಸಂದಿಗೆ ಸ್ಕ್ರೂ ಡ್ರೈವರ್ ಹಾಕಿ ಮೀಟುವ ಅಭ್ಯಾಸ ಬೀಡಿನ ಕಾಲದ್ದು. ಅಲ್ಯೂಮಿನಿಯಂ ಮೇಲೆ ಆ ಗೀರು ಉಳಿದು ಮುಂದೆ ನೀರಿಗೆ ದಾರಿಯಾಗುತ್ತದೆ. ಮರದ ತುಂಡಿಟ್ಟು ಬದಿಯಿಂದ ತಟ್ಟಿದರೆ ಬಿಡುತ್ತದೆ.

ತೊಳೆಯುವ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳಬೇಕಾದ ಮಾತೊಂದಿದೆ. ಬೀಡಿನ ಹೆಡ್ಡುಗಳನ್ನು ಕಾಸ್ಟಿಕ್ ಸೋಡಾ ಕುದಿಯುವ ಡ್ರಮ್ಮಿನಲ್ಲಿ ಮುಳುಗಿಸಿಟ್ಟರೆ ಕರಿ, ಎಣ್ಣೆ ಎಲ್ಲ ಬಿಟ್ಟು ಲಕಲಕ ಹೊಳೆಯುತ್ತವೆ. ಅದೇ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ನನ್ನ ಝೆನ್‌ನ ಹೆಡ್ ಕೊಂಡುಹೋದ ಒಂದು ವರ್ಕ್‌ಶಾಪಿನಲ್ಲಿ ಹೊಸದಾಗಿ ಸೇರಿದ ಹುಡುಗ ಅದನ್ನೂ ಉಳಿದವುಗಳ ಜೊತೆ ಇಳಿಸಿಬಿಟ್ಟ. ಡ್ರಮ್ಮು ಸೋಡಾ ಬಾಟಲಿ ಒಡೆದಂತೆ ಬುಸುಗುಟ್ಟಿ ನೊರೆ ಉಕ್ಕಿತು, ಕಣ್ಣು ಉರಿಯುವ ಹಬೆ ಎದ್ದಿತು; ಒಳಗಿದ್ದ ಮೇಸ್ತ್ರಿ "ಅದು ಬೀಡಲ್ಲ, ತೆಗಿ ತೆಗಿ" ಎಂದು ಕೂಗುತ್ತ ಓಡಿಬಂದು ಕೊಕ್ಕೆ ಹಾಕಿ ಎಳೆದರು. ಅಷ್ಟರಲ್ಲಿ ಅದರ ಮೈ ಮಸಿ ಹಿಡಿದ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ಒಂದು ನಿಮಿಷದೊಳಗೆ ತೆಗೆದ ಕಾರಣ ಹೆಡ್ ಉಳಿಯಿತು. ಅಂದಿನಿಂದ ಅಲ್ಯೂಮಿನಿಯಂ ಹೆಡ್ ಕೊಟ್ಟುಬರುವಾಗ ಅದರ ಮೇಲೆ ಮಾರ್ಕರಿನಲ್ಲಿ ಸೋಡಾ ಬೇಡ ಎಂದು ಬರೆದೇ ಕೊಡುತ್ತೇನೆ. ಸೀಮೆಎಣ್ಣೆ ಅಥವಾ ಡೀಸೆಲ್, ನೈಲಾನ್ ಬ್ರಷ್, ಪ್ಲಾಸ್ಟಿಕ್ ಕೆರೆಸಿ, ಇವಿಷ್ಟೇ ಅದಕ್ಕೆ ಸಾಕು. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಚಕ್ರವೂ ಬೇಡ. ಅದು ಹೆಡ್ಡನ್ನು ಕುಳಿಬೀಳಿಸುವುದಲ್ಲದೆ, ಅದರಿಂದ ಉದುರುವ ಗಟ್ಟಿ ಪುಡಿ ಎಣ್ಣೆಯ ದಾರಿ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ.

ಆರನೆಯ ಹೆಜ್ಜೆ: ಲೇತಿನಲ್ಲಿ ಕೇಳಬೇಕಾದ ಪ್ರಶ್ನೆಗಳು

ಬೈಕಂಪಾಡಿಯೋ ಯೆಯ್ಯಾಡಿಯೋ, ನೀವು ನಂಬುವ ಲೇತಿಗೆ ಹೆಡ್ ಕೊಟ್ಟಾಗ ಮೊದಲು ಮೂರು ಪರೀಕ್ಷೆ ಆಗಬೇಕು, ಅವಾದ ಮೇಲೆಯೇ ಫೇಸಿಂಗ್, ಅಂದರೆ ಅಡಿಭಾಗವನ್ನು ಕೆತ್ತಿ ಸಮಮಾಡುವುದು. ನಿಖರವಾದ ನೇರಪಟ್ಟಿಯನ್ನು ಹೆಡ್ಡಿನ ಉದ್ದಕ್ಕೆ, ಅಡ್ಡಕ್ಕೆ ಮತ್ತು ಎರಡೂ ಮೂಲೆಯಿಂದ ಮೂಲೆಗೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್, ಅಂದರೆ ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆ, ತೂರಿಸಿ ಅಳೆಯುತ್ತಾರೆ. ಹಲವು ಕಾರುಗಳ ಕೈಪಿಡಿಯಲ್ಲಿ ಮಿತಿ 0.1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ; ನಿಮ್ಮ ಕಾರಿನ ಕೈಪಿಡಿಯ ಅಂಕೆಯೇ ಅಂತಿಮ. ನನ್ನ ಹೆಡ್ಡಿನ ನಡುವೆ 0.05ರ ಎಲೆ ಸಲೀಸಾಗಿ ಹೋಯಿತು, 0.10ರದ್ದು ಸ್ವಲ್ಪ ಹಿಡಿದು ಹೋಯಿತು, 0.15ರದ್ದು ನಿಂತಿತು. ಗೇಜನ್ನು ನನ್ನ ಕೈಗೇ ಕೊಟ್ಟು ನೋಡಿ ಎಂದವರ ಲೇತಿಗೆ ಇಂದಿಗೂ ಹೋಗುತ್ತೇನೆ.

ಎರಡನೆಯದು ಬಿರುಕಿನ ಪರೀಕ್ಷೆ. ನೀರಿನ ತೂತುಗಳನ್ನು ಮುಚ್ಚಿ, ಹೆಡ್ಡನ್ನು ಬಿಸಿನೀರಿನಲ್ಲಿ ಮುಳುಗಿಸಿ ಗಾಳಿಯ ಒತ್ತಡ ಕೊಟ್ಟರೆ ಬಿರುಕಿನಿಂದ ಗುಳ್ಳೆ ಬರುತ್ತದೆ. ತಣ್ಣೀರಿನಲ್ಲಿ ಮುಚ್ಚಿಕೊಂಡ ಬಿರುಕು ಬಿಸಿನೀರಿನಲ್ಲಿ ಬಾಯಿಬಿಡುತ್ತದೆ, ಅದಕ್ಕಾಗಿ ಬಿಸಿನೀರನ್ನೇ ಕೇಳಿ. ಕೆಂಪು ಬಣ್ಣ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸುವ ಪರೀಕ್ಷೆ ಎರಡೂ ಲೋಹಕ್ಕೆ ಆಗುತ್ತದೆ. ಅಯಸ್ಕಾಂತದ ಪುಡಿಯ ಪರೀಕ್ಷೆ ಬೀಡಿಗೆ ಮಾತ್ರ. ನಮ್ಮ ಅಂಬಾಸಿಡರಿನ ಬಿರುಕನ್ನು ಹಿಡಿದದ್ದು ಇದಾವುದೂ ಅಲ್ಲ, ಸೀಮೆಎಣ್ಣೆ ಮತ್ತು ಶಾಲೆಯ ಸೀಮೆಸುಣ್ಣ. ಸೀಮೆಎಣ್ಣೆ ಸವರಿ ಒರೆಸಿ ಸುಣ್ಣದ ಪುಡಿ ಉಜ್ಜಿದ ಸ್ವಲ್ಪ ಹೊತ್ತಿಗೆ ಎರಡು ವಾಲ್ವ್‌ಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಒದ್ದೆಯಾಗಿ ಮೂಡಿತು. ಬಿರುಕು ಕಂಡೊಡನೆ ಹೆಡ್ ಎಸೆಯಬೇಕಾಗಿಲ್ಲ ಎಂಬುದೂ ನಿಜ. ಫೋಕ್ಸ್‌ವ್ಯಾಗನ್ ತನ್ನ ಆ ಹಳೆಯ ಡೀಸೆಲ್‌ಗಳಲ್ಲಿ ವಾಲ್ವ್ ಕೂರುವ ಸೀಟುಗಳ ನಡುವಿನ ಬಿರುಕು 0.5 ಮಿಲಿಮೀಟರ್ ಅಗಲ ಮೀರದಿದ್ದರೆ ಹೆಡ್ಡನ್ನು ಬಳಸಬಹುದೆಂದು ಹೇಳಿತ್ತು. ನೀರಿನ ಜಾಗಕ್ಕೆ ತಲುಪಿದ ಬಿರುಕು ಮಾತ್ರ ಯಾವ ಲೋಹದಲ್ಲೂ ಕ್ಷಮಾರ್ಹವಲ್ಲ.

ಮೂರನೆಯದು, ಅಲ್ಯೂಮಿನಿಯಂಗೆ ಮಾತ್ರ, ಗಡಸುತನದ ಪರೀಕ್ಷೆ. ತೀರಾ ಕಾದ ಹೆಡ್ ನೋಡಲು ಸಮತಟ್ಟಾಗಿದ್ದರೂ ಒಳಗೆ ಮೆತ್ತಗಾಗಿರುತ್ತದೆ. ಫೇಸಿಂಗ್ ಮಾಡಿ ಕೂರಿಸಿದರೂ ಬೋಲ್ಟಿನ ಬಿಗಿ ನಿಲ್ಲದೆ ಮೂರು ತಿಂಗಳಲ್ಲಿ ಮತ್ತೆ ಗ್ಯಾಸ್ಕೆಟ್ ಹೋಗುತ್ತದೆ. ಗಡಸುತನ ಅಳೆಯುವ ಯಂತ್ರ ಇಲ್ಲದಿದ್ದರೆ ಬೋಲ್ಟಿನ ವಾಷರ್ ಕೂರುವ ಜಾಗಗಳನ್ನು ನೋಡಿ, ಅಲ್ಲಿ ಬಟ್ಟಲಿನಂತೆ ತಗ್ಗಾಗಿದ್ದರೆ ಆ ಹೆಡ್ಡಿನ ಆಸೆ ಬಿಡುವುದು ಲೇಸು.

ಫೇಸಿಂಗ್ ವಿಷಯಕ್ಕೆ ಬಂದರೆ, ಡೀಸೆಲ್‌ನಲ್ಲಿ ಪಿಸ್ಟನ್ ಮೇಲೇರಿದಾಗ ಹೆಡ್ಡಿಗೂ ಅದಕ್ಕೂ ನಡುವೆ ಒಂದು ಮಿಲಿಮೀಟರಿಗೂ ಕಡಿಮೆ ಅಂತರ ಉಳಿಯುತ್ತದೆ. ಹೆಡ್ಡಿನಿಂದ 0.2, 0.3 ತೆಗೆದರೆ ವಾಲ್ವ್ ಪಿಸ್ಟನ್ನಿಗೆ ಅಷ್ಟು ಹತ್ತಿರ ಬರುತ್ತದೆ, ಸೀಟುಗಳನ್ನು ಅಷ್ಟೇ ಆಳಕ್ಕೆ ಮತ್ತೆ ಕಡಿಯಬೇಕಾಗುತ್ತದೆ. ಕೆಲವು ತಯಾರಕರು ಡೀಸೆಲ್ ಹೆಡ್ಡಿಗೆ ಫೇಸಿಂಗ್ ಮಾಡಲೇಬಾರದು ಎನ್ನುವುದು ಈ ಕಾರಣಕ್ಕೆ. ಕ್ಯಾಮ್ ಬ್ಲಾಕಿನಲ್ಲಿರುವ ಬೀಡಿನ ಹೆಡ್ಡಿಗೆ ಅಡಿಭಾಗ ಸಮಮಾಡಿದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಕ್ಯಾಮ್ ಮೇಲಿರುವ ಅಲ್ಯೂಮಿನಿಯಂ ಹೆಡ್ ಬಾಗಿದಾಗ ಕ್ಯಾಮ್ ಕೂರುವ ಸಾಲೂ ಅದರ ಜೊತೆಗೆ ಬಾಗಿರುತ್ತದೆ; ಅಡಿಯನ್ನಷ್ಟೇ ಕೆತ್ತಿದರೆ ಮೇಲಿನ ಬಾಗು ಹಾಗೇ ಉಳಿದು ಕ್ಯಾಮ್ ಬಿಗಿಯಾಗಿ ತಿರುಗಿ ಒಂದು ದಿನ ಮುರಿಯುತ್ತದೆ. ವಾಲ್ವ್ ಒತ್ತುವ ಭಾಗಗಳನ್ನು ತೆಗೆದು, ಕ್ಯಾಮ್ ಒಂದನ್ನೇ ಕೂರಿಸಿ ಕ್ಯಾಪ್ ಬಿಗಿದು ಕೈಯಿಂದ ತಿರುಗಿಸಿ ತೋರಿಸಿ ಎಂದು ಲೇತಿನವರನ್ನು ಕೇಳಿ. ಆರ್ಗನ್ ವೆಲ್ಡಿಂಗಿನಿಂದ ಅಲ್ಯೂಮಿನಿಯಂ ಹೆಡ್ಡಿನ ತಿಂದುಹೋದ ಅಂಚುಗಳನ್ನು ತುಂಬಬಹುದು, ನನ್ನದಕ್ಕೆ ಹಾಗೆಯೇ ಮಾಡಿಸಿದೆ, ಬಾಳಿಕೆ ಬಂತು. ಬೀಡಿನ ಬೆಸುಗೆಗೆ ಇಡೀ ಹೆಡ್ಡನ್ನು ಕಾಯಿಸಿ, ನಿಕ್ಕಲ್ ರಾಡ್ ಬಳಸಿ, ನಿಧಾನವಾಗಿ ಆರಿಸಬೇಕು. ಅಷ್ಟು ಸಹನೆಯಿಂದ ಮಾಡುವವರು ವಿರಳ. ಅಂಬಾಸಿಡರಿಗೆ ನಾವು ಗುಜರಿಯಿಂದ ಬೇರೆ ಹೆಡ್ ತಂದೆವು.

ಏಳನೆಯ ಹೆಜ್ಜೆ: ಮರಳಿ ಕೂರಿಸುವುದು

ಹಳೆಯ ಗ್ಯಾಸ್ಕೆಟ್ಟನ್ನು ಎಸೆಯಬೇಡಿ. ಅನೇಕ ಡೀಸೆಲ್ ಕಾರುಗಳಲ್ಲಿ ಗ್ಯಾಸ್ಕೆಟ್ ಎರಡು ಮೂರು ದಪ್ಪಗಳಲ್ಲಿ ಬರುತ್ತದೆ, ಅಂಚಿನಲ್ಲಿರುವ ಕಚ್ಚುಗಳ ಅಥವಾ ತೂತುಗಳ ಸಂಖ್ಯೆ ದಪ್ಪವನ್ನು ಸೂಚಿಸುತ್ತದೆ. ಬ್ಲಾಕ್ ಕೆಲಸ ಆಗಿಲ್ಲದಿದ್ದರೆ ಅಷ್ಟೇ ಗುರುತಿನದನ್ನು ತನ್ನಿ. ಪಿಸ್ಟನ್ ಬದಲಾಗಿದ್ದರೆ ಡಯಲ್ ಗೇಜಿನಿಂದ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಎಂದು ಅಳೆದೇ ಆರಿಸಬೇಕು. ಬ್ಲಾಕಿನ ಬೋಲ್ಟು ತೂತುಗಳಲ್ಲಿ ನಿಂತ ಎಣ್ಣೆ, ನೀರನ್ನು ಒರೆಸಿ ತೆಗೆಯದೆ ಬೋಲ್ಟು ಬಿಗಿದರೆ ಆ ದ್ರವ ಹೋಗಲು ಜಾಗವಿಲ್ಲದೆ ಬ್ಲಾಕನ್ನೇ ಸೀಳಬಹುದು.

ಬಿಗಿಯುವುದು ನಡುವಿನಿಂದ ಹೊರಕ್ಕೆ, ತಿರುಗಿಸುವ ಬಲವನ್ನು (ಟಾರ್ಕ್) ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ, ಮೂರು ಸುತ್ತಿನಲ್ಲಿ. ಅಲ್ಯೂಮಿನಿಯಂ ಹೆಡ್ಡಿನ ಎಂಜಿನ್‌ಗಳಲ್ಲಿ ಬಹುಪಾಲು ಬೋಲ್ಟುಗಳು ಎಳೆದುಕೊಳ್ಳುವ ಬಗೆಯವು. ಒಂದು ಟಾರ್ಕಿಗೆ ಬಿಗಿದು ಅನಂತರ ಇಂತಿಷ್ಟು ಡಿಗ್ರಿ ತಿರುಗಿಸುವಂಥವು. ಒಮ್ಮೆ ಎಳೆದುಕೊಂಡ ಬೋಲ್ಟು ಎರಡನೆಯ ಸಲ ಅಷ್ಟು ಹಿಡಿಯುವುದಿಲ್ಲ, ಆದ್ದರಿಂದ ಹೊಸ ಸೆಟ್ ಕೊಳ್ಳಲೇಬೇಕು. ಕೈ ಅಂದಾಜು ಎನ್ನುವ ಮೆಕ್ಯಾನಿಕ್ ಅಣ್ಣನಿಗೆ ವಿನಯದಿಂದಲೇ ಟಾರ್ಕ್ ರೆಂಚ್ ತೋರಿಸಿ. ಅಂಬಾಸಿಡರಿನಲ್ಲಿ ಆ ಅಂದಾಜು ನಡೆದೀತು, ಝೆನ್‌ನಲ್ಲಿ ನಡೆಯುವುದಿಲ್ಲ. ಹಳೆಯ ಬೀಡಿನ ಹೆಡ್ಡುಗಳಿಗೆ, ಕೈಪಿಡಿ ಹೇಳಿದಲ್ಲಿ, ಸುಮಾರು 500ರಿಂದ 1000 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ ಟ್ಯಾಪೆಟ್ ಅಂತರ, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು, ಸರಿಮಾಡಬೇಕು. ಎಳೆದುಕೊಳ್ಳುವ ಬೋಲ್ಟುಗಳನ್ನು ಹಾಗೆ ಮತ್ತೆ ಮುಟ್ಟಬಾರದು.

ಕೂಲಂಟ್ ತುಂಬುವಾಗ ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ತೆರೆದು, ಗುಳ್ಳೆ ಇಲ್ಲದ ಧಾರೆ ಬರುವವರೆಗೆ ನಿಧಾನವಾಗಿ ಹೊಯ್ಯಿರಿ. ಎಂಜಿನ್ ಕಾದ ಮೇಲೆ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ಥರ್ಮೋಸ್ಟ್ಯಾಟನ್ನು ಕಿತ್ತು ಬಿಸಾಡುವ ನಮ್ಮೂರ ಪದ್ಧತಿಗೆ ಒಪ್ಪಬೇಡಿ. ಹೊಸದನ್ನು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ತೆರೆಯುವುದನ್ನು ಕಣ್ಣಾರೆ ನೋಡಿ ಹಾಕಿಸಿ. ಮೊದಲ ದಿನ ಊರೊಳಗೆ ಓಡಿಸಿ, ರಾತ್ರಿ ಪೂರ್ತಿ ತಣಿದ ಮೇಲೆ ಕೂಲಂಟಿನ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಮಾರ್ಕರಿನ ಗೆರೆ ಎಳೆದಿಡಿ. ಮುಂದಿನ ಹದಿನೈದು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಆ ಗೆರೆಯನ್ನು ನೋಡಿ. ಮೊದಲ ಎರಡು ಮೂರು ದಿನ ಬೆರಳಿನಷ್ಟು ಇಳಿದರೆ ಅದು ಒಳಗಿನ ಗಾಳಿ ಹೊರಬಂದು ಆದ ಇಳಿತ; ಅಷ್ಟು ಹೊಯ್ದು ಹೊಸ ಗೆರೆ ಎಳೆಯಿರಿ. ವಾರ ಕಳೆದ ಮೇಲೂ ಇಳಿಯುತ್ತಿದ್ದರೆ, ಹೊರಗೆ ಎಲ್ಲೂ ತೊಟ್ಟಿಕ್ಕದೆ ಇದ್ದರೆ, ಘಾಟಿ ಹತ್ತುವ ಯೋಜನೆ ಮುಂದೂಡಿ ಕಾರನ್ನು ಮತ್ತೆ ಗ್ಯಾರೇಜಿಗೇ ಒಯ್ಯಿರಿ.